ತಿರುಗಿಸಲು ಜಾಗವಿರಲಿಲ್ಲ

ಮಾಲ್ದಾರೆಯ ಲೈನ್‌ಮನೆಯಿಂದ ರಾತ್ರಿ ಹನ್ನೊಂದಕ್ಕೆ
ಬೊಳ್ಳಿ ಬಂದು ನನ್ನ ಜೀಪಿನ ಬಾನೆಟ್ ಬಡಿದಳು.
"ಮೊಯ್ದುಕಾಕ, ಕೂಸಿಗೆ ಹೊಟ್ಟೆ."
ಬೆಳಿಗ್ಗೆ ಹೊಕ್ಕುಳ ಸುತ್ತ ಇತ್ತಂತೆ.
ಓಮದ ನೀರು ಕುಡಿಸಿ, ಮೆಣಸಿನಕಾಯಿ ನಿವಾಳಿಸಿ,
ಅಂಗಡಿಯ ಗ್ಯಾಸ್ ಗುಳಿಗೆ ನುಂಗಿಸಿ ಆಯಿತು.
ಸಂಜೆಗೆ ನೋವು ಬಿಡಾರ ಬದಲಿಸಿ
ಬಲಗಡೆ, ಸೊಂಟದ ಮೂಳೆಯ ಪಕ್ಕ ಒಲೆ ಹೂಡಿತ್ತು.

ಶುಂಠಿ ಮೂಟೆ ಇಳಿಸಿ ಮಲಗಿಸಿದೆ.
ಹನ್ನೊಂದು ವರ್ಷದ ಚೋಮಿ, ಬಲಗಾಲು ಮಡಚಿಕೊಂಡು
ಗುಂಡಿಗೊಂದರಂತೆ ನನ್ನನ್ನು ಬೈದಳು.
ಬೈಯಲಿ. ಬೈಗುಳ ಬರುವ ತನಕ ಜೀವ ಗಟ್ಟಿ.

ತಿರುವಿನಲ್ಲಿ ಆನೆ.
ಒಂಟಿ ಸಲಗವಲ್ಲ, ಮರಿ ಸೇರಿ ಏಳು.
ದೀಪ ಆರಿಸಿದೆ, ಇಂಜಿನ್ ಆರಿಸಿದೆ.
ಅವಕ್ಕೇನು ಅವಸರ,
ಬೈನೆ ಮರ ಸೀಳಿ ತಿನ್ನುತ್ತ ನಿಂತವು, ಮುಕ್ಕಾಲು ಗಂಟೆ.
ಆ ಕತ್ತಲಲ್ಲಿ ಚೋಮಿ ನರಳುವುದನ್ನು ನಿಲ್ಲಿಸಿದಳು.
"ಅವ್ವ, ನೋವು ಹೋಯ್ತು."
ಬೊಳ್ಳಿ ಆನೆಗಳಿಗೆ ಕೈಮುಗಿದಳು.
ನಾನು ಒಳಗೊಳಗೇ ಅಲ್‌ಹಮ್ದುಲಿಲ್ಲಾ ಅಂದೆ.
"ವಾಪಸ್ ಹೋಗೋಣವಾ ಕಾಕ?"
ಹೂಂ ಅನ್ನುವುದು ಬಾಯಿ ತನಕ ಬಂದಿತ್ತು.
ಜೀಪು ತಿರುಗಿಸಲು ಜಾಗ ಇರಲಿಲ್ಲ,
ಅಷ್ಟೇ.

ವಿರಾಜಪೇಟೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಮೆಲ್ಲಗೆ ಒತ್ತಿದರು.
ಒತ್ತಿದಾಗ ಹಲ್ಲು ಕಚ್ಚಿದ ಕೂಸು
ಕೈ ತೆಗೆದಾಗ ಕಿರುಚಿತು.
"ನೋವು ನಿಂತದ್ದು ಯಾವಾಗ?"
ಅಂಥ ಪ್ರಶ್ನೆ ನಾನು ಜನ್ಮದಲ್ಲಿ ಕೇಳಿರಲಿಲ್ಲ.
ಆನೆಯ ಹೊತ್ತಿಗೆ, ಅಂದೆ.
"ಆಗಲೇ ಒಡೆದಿದೆ" ಅಂದವರು
ಕೈ ತೊಳೆಯಲು ಹೊರಟೇಬಿಟ್ಟರು.

ಬೆಳಗಿನ ಜಾವ ತಟ್ಟೆಯಲ್ಲಿ ತಂದು ತೋರಿಸಿದರು:
ಕಿರುಬೆರಳಿನಷ್ಟು, ಕಪ್ಪಿಟ್ಟು, ತುದಿ ಬಿರಿದ ಕರುಳುಬಾಲ.
"ಇದಕ್ಕೆ ಒಳಗೆ ಏನು ಕೆಲಸ?" ಕೇಳಿದಳು ಬೊಳ್ಳಿ.
"ಹೇಳಿಕೊಳ್ಳುವಂಥದ್ದೇನಿಲ್ಲ."
"ಕೆಲಸವಿಲ್ಲದ್ದಕ್ಕೆ ಇಷ್ಟು ಸಿಟ್ಟಾ?"
ತನ್ನ ಕರುಳಿನ ಕುಡಿಯ ಕರುಳಿನ ಕುಡಿಯನ್ನು
ಅವಳು ಮುಟ್ಟಲಿಲ್ಲ, ಬೈಯಲೂ ಇಲ್ಲ,
ಸೆರಗಿನಿಂದ ತಟ್ಟೆಯ ಅಂಚು ಮಾತ್ರ ಒರೆಸಿದಳು.

ಎಂಟು ದಿನ ಡ್ರಿಪ್. ಪಕ್ಕೆಯಲ್ಲೊಂದು ಕೊಳವೆ,
ಮೊದಮೊದಲು ಕೀವು, ಆಮೇಲೆ ಬರೀ ನೀರು.
ದಿನಾ ಬಂದು ಡಾಕ್ಟರಮ್ಮನದು ಒಂದೇ ವಿಚಾರಣೆ:
"ಹೂಸು ಹೋಯಿತಾ?"
ನಾಲ್ಕನೆಯ ದಿನ ಹೋಯಿತು.
ವಾರ್ಡಿನವರೆಲ್ಲ ನಕ್ಕರು, ಚೋಮಿ ಹೊದಿಕೆಯೊಳಗೆ ಹೊಕ್ಕಳು,
ನಾನು ಇಡೀ ಸಾಲಿಗೆ ಚಹಾ ತರಿಸಿದೆ.

ಮೊನ್ನೆ ಆ ತಿರುವಿನಲ್ಲಿ ಗುಡ್ಡ ಕಡಿದು
ರಸ್ತೆ ಅಗಲ ಮಾಡಿದ್ದಾರೆ.
ಈಗ ಲಾರಿಯನ್ನೂ ಸಲೀಸಾಗಿ ತಿರುಗಿಸಬಹುದು.
ಅಲ್ಲಿ ಬಂದಾಗಲೆಲ್ಲ ನನ್ನ ಕಾಲು
ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.