ಮೂವತ್ತು ಸೆಕೆಂಡು

ಬಿಡುಗಡೆಗೆ ಹನ್ನೊಂದು ದಿನ. ಅದರಲ್ಲಿ
ಪರೀಕ್ಷೆಗೆಂದು ಮಿಕ್ಕಿದ್ದು ನಾಲ್ಕು;
ಆ ನಾಲ್ಕರಲ್ಲೂ ಒಂದು ಭಾನುವಾರ.
ಕಿಸುಮುವಿನ ಮೂರನೇ ಮಹಡಿ, ಫ್ಯಾನು ಗೊಣಗುತ್ತಿದೆ,
ಬಿಳಿ ಹಲಗೆಯ ಮೇಲೆ ವಂಗೇಶಿ ದೊಡ್ಡದಾಗಿ ಬರೆದಿದ್ದಾಳೆ:
‘ವಾಪಸು’.
ತಪ್ಪು ನಂಬರಿಗೆ ಹಣ ಹೋಯಿತೇ? ಗಾಬರಿ ಬೇಡ.
ಗುಂಡಿ ಒತ್ತಿ. ಮೂವತ್ತು ಸೆಕೆಂಡಿನೊಳಗಾದರೆ
ಹೋದದ್ದು ಹೋದ ಹಾಗೇ ಬರುತ್ತದೆ.

ಆಡಿದ ಮಾತಿಗಿಲ್ಲದ ಸವಲತ್ತು,
ಒಡೆದ ಮುತ್ತಿಗೂ ಇಲ್ಲದ್ದು.
ಚಪ್ಪಾಳೆ ಆಯಿತು. ಕೇಕೂ ಆಯಿತು.
ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು,
ಮದುವೆ ಊಟದಲ್ಲಿ ಉಪ್ಪು ಕಮ್ಮಿ ಅನ್ನುವವಳನ್ನು
ನೋಡುವ ಹಾಗೆ.

ನನ್ನ ಕೆಲಸವೇ ಅದು, ಉಪ್ಪು ನೋಡುವುದು.

ಹಾಳೆ ತೆರೆದೆ. ಸಾಲು ಒಂದು: ಒತ್ತಿದರೆ ಬರುತ್ತದೆಯೇ.
ಸಾಲು ಎರಡು: ಎರಡು ಸಲ ಒತ್ತಿದರೆ ಎರಡು ಪಾಲು ಬರುತ್ತದೆಯೇ.
ಇಪ್ಪತ್ತೊಂಬತ್ತನೇ ಸೆಕೆಂಡು, ಮೂವತ್ತು, ಮೂವತ್ತೊಂದು;
ಹೊಸ್ತಿಲ ಮೇಲೆ ನಿಂತವನು ಒಳಗಿನವನೋ ಹೊರಗಿನವನೋ.
ಒತ್ತುವಾಗಲೇ ಟವರು ಸತ್ತರೆ.
ಬ್ಯಾಟರಿ ಎರಡೇ ಪರ್ಸೆಂಟ್ ಇದ್ದರೆ.
ಹಣ ಪಡೆದವನು ಅಷ್ಟರಲ್ಲೇ ಅದನ್ನು
ಇನ್ನೊಬ್ಬಳಿಗೆ ದಾಟಿಸಿ, ಅವಳದನ್ನು ಮಗುವಿನ ಶಾಲೆಗೆ ಕಟ್ಟಿದ್ದರೆ
ಯಾರ ಜೇಬಿನಿಂದ ಕೀಳುವುದು?
ಇದಕ್ಕೆ ಸಿಮಿಯು ಸುಮ್ಮನಾದ. ಆಮೇಲೆ ‘ನೋಡ್ತೀನಿ’ ಅಂದ.
ಅವನು ನೋಡ್ತೀನಿ ಅಂದರೆ
ರಾತ್ರಿಯೆಲ್ಲ ಎದ್ದಿರುತ್ತಾನೆ ಅಂತ ಅರ್ಥ.

ನಲವತ್ತೆರಡನೇ ಸಾಲಿಗೆ ತಲೆ ನಿಂತುಹೋಯಿತು.
ಬಾಡಿಗೆ ಬೈಕು ಹತ್ತಿ ಡುಂಗಾದ ದಡಕ್ಕೆ ಹೋದೆ.

ನೀರಂಚಿನಲ್ಲಿ ನ್ಯಾಸೆಂಬೊ ಮೀನು ಉಜ್ಜುತ್ತಿದ್ದಳು,
ಮೊಣಕೈವರೆಗೆ ಹುರುಪೆ, ಬಿಸಿಲಿಗೆ ಮಿಣಮಿಣ.
ಒದ್ದೆ ಹೆಬ್ಬೆರಳನ್ನು ಅವಳ ಫೋನು ಗುರುತಿಸುವುದಿಲ್ಲ;
ಸೊಂಟದ ಬಟ್ಟೆಗೆ ಒರೆಸುತ್ತಾಳೆ, ಒತ್ತುತ್ತಾಳೆ, ಮತ್ತೆ ಒರೆಸುತ್ತಾಳೆ.
ಸಾಲು ನಲವತ್ತಮೂರು, ಅಂದುಕೊಂಡೆ.
ಅಷ್ಟರಲ್ಲಿ ಒಬ್ಬ ಬಂದು ಮೂರು ಮೀನು ಆರಿಸಿದ. ‘ಕಳಿಸಿದೆ’ ಅಂದ.
ಅವಳ ಫೋನು ಗುಂಯ್ ಎಂದಿತು. ಅವಳು ಅದರ ಮುಖ ನೋಡಲಿಲ್ಲ,
ಆ ಗುಂಯ್ಯೇ ಅವಳಿಗೆ ರಸೀದಿ.
ಮೀನು ಹಳೇ ಪೇಪರಿಗೆ, ಪೇಪರು ಅವನ ಕಂಕುಳಿಗೆ,
ಅವನು ಬೈಕಿನ ಹಿಂದಕ್ಕೆ.

ನಾನು ಎಣಿಸಿದೆ, ಸುಮ್ಮನೆ, ಬಾಯೊಳಗೆ.
ಐದಕ್ಕೆ ಬೈಕು ಕೆಮ್ಮಿತು.
ಹನ್ನೊಂದಕ್ಕೆ ಕರಿದ ಮೀನಿನ ಅಂಗಡಿಗಳನ್ನು ದಾಟಿತು.
ಹದಿನೇಳಕ್ಕೆ ತಿರುವು. ಇಪ್ಪತ್ತಕ್ಕೆ
ಧೂಳು.
ನಮ್ಮ ಗುಂಡಿ ಇದ್ದಿದ್ದರೆ ಇನ್ನೂ ಹತ್ತು ಸೆಕೆಂಡು ಉಳಿದಿರುತ್ತಿತ್ತು
ಅವನ ಹೆಬ್ಬೆರಳಿಗೆ. ಒಣಗಿದ ಹೆಬ್ಬೆರಳಿಗೆ.

‘ಅದು ಬಗ್ ಅಲ್ಲ ಅಪೊಂಡಿ,’ ಅಂದ ಸಿಮಿಯು.
‘ಗುಂಡಿ ಹೇಳಿದ್ದನ್ನೇ ಮಾಡ್ತಿದೆ. ಮಿಕ್ಕಿದ್ದು ಮನುಷ್ಯರು.’
ವಂಗೇಶಿ ಕೇಳಿದಳು: ‘ನೂರಕ್ಕೆ ಎಷ್ಟು ಜನ ಹಾಗೆ ಮಾಡಬಹುದು?
ಅಂಕಿ ಕೊಡು, ಮೇಲಿನವರಿಗೆ ಹೇಳ್ತೀನಿ.’
ಕೆಟ್ಟವಳಲ್ಲ ಅವಳು; ಅಂಕಿ ಇದ್ದರೆ ಹೇಳಿಯೇ ಬಿಡುತ್ತಿದ್ದಳು.
ನನ್ನಲ್ಲಿದ್ದದ್ದು ಒಂದು ಎಣಿಕೆ, ಇಪ್ಪತ್ತರವರೆಗೆ.

ಸಾಲು ನಲವತ್ತನಾಲ್ಕು: ಮೀನೂ ಹೋಗಿದೆ, ಹಣವೂ ಹೋಗಿದೆ,
ಗುಂಡಿ ಸರಿಯಾಗಿದೆ.
ಪಕ್ಕದ ಕಾಲಂ, ‘ನಿರೀಕ್ಷಿತ ಫಲಿತಾಂಶ’.
ಅಲ್ಲಿ ಕರ್ಸರು ಮಿಟುಕಿತು, ಮಿಟುಕಿತು.
ಹಸಿರು ಬಳಿಯಲಿಲ್ಲ. ಕೆಂಪು ಬಳಿಯಲು ಕಾರಣ ಬರೆಯಬೇಕಿತ್ತು.

ಭಾನುವಾರ ಮತ್ತೆ ದಡಕ್ಕೆ ಹೋಗಿ ಒಂದು ಮೀನು ಕೊಂಡೆ.
ಕಳಿಸಿದೆ. ಗುಂಯ್ ಎಂದಿತು.
ಆ ಗುಂಡಿ ಇನ್ನೂ ಯಾರ ಫೋನಿನಲ್ಲೂ ಹುಟ್ಟಿಲ್ಲ, ಆದರೂ
ಪೊಟ್ಟಣ ಹಿಡಿದು ಅಲ್ಲೇ ನಿಂತೆ.
‘ಇನ್ನೇನಮ್ಮಾ?’ ಅಂದಳು ನ್ಯಾಸೆಂಬೊ.
ಏನಿಲ್ಲ, ಅಂದೆ. ಹದಿನೆಂಟು. ಹತ್ತೊಂಬತ್ತು.
ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ,
ಕೊಸರು ಕೇಳಲು ನಾಚುತ್ತಿದ್ದಾಳೆ ಅಂದುಕೊಂಡಳೋ ಏನೋ,
ಒಂದು ಬೊಗಸೆ ಒಣಮೀನು ಪೊಟ್ಟಣದ ಮೇಲೆ ಸುರಿದಳು.

ಇಪ್ಪತ್ತಾರರ ಹತ್ತಿರ ಎಲ್ಲೋ
ಎಣಿಕೆ ತಪ್ಪಿತು.