ನೀರು ಜಗಳ ಆಡದ ಜಾಗ

ಧಕ್ಕೆಯಿಂದ ಬೆಂಗ್ರೆಗೆ ಏಳು ನಿಮಿಷ.
ಚೀಲದಲ್ಲಿ ಎಂಟನೇ ಕ್ಲಾಸಿಗೆಂದು ಉದ್ದದ ಸ್ಪ್ರಿಂಗು.
ಕಲ್ಲಿನ ಒಡ್ಡು ಬಂದಾಗ ಇದ್ದಿನಬ್ಬ
ಇಂಜಿನ್ ಸಣ್ಣ ಮಾಡಿ ಬೀಡಿ ಹಚ್ಚುತ್ತಾನೆ.
ದಿನಾ ಅಲ್ಲೇ.

"ಇಲ್ಲಿ ನೀರು ಜಗಳ ಆಡುವುದಿಲ್ಲ ಟೀಚರೇ.
ಅಳಿವೆಯಿಂದ ಬಂದ ತೆರೆ ಏಳು ಅನ್ನುವಾಗ
ಕಲ್ಲಿಗೆ ಬಡಿದು ತಿರುಗಿದ್ದು ಇಳಿ ಅನ್ನುತ್ತದೆ.
ಕಡ್ಡಿ ಆರುವುದಿಲ್ಲ."
ನಾಲ್ಕು ಮಾರು ಆಚೆ ಎರಡೂ ಒಟ್ಟಿಗೇ ಎದ್ದು
ಬುಟ್ಟಿ ಹಿಡಿದ ದೇಜಮ್ಮನ ಸೆರಗು ಒದ್ದೆ.

ಯಾರದೋ ಹವಾಯಿ ಚಪ್ಪಲಿ
ಅಲ್ಲೇ ಏರುತ್ತದೆ, ಅಲ್ಲೇ ಇಳಿಯುತ್ತದೆ.
ತೆರೆಗಳು ಅದರಡಿ ದಾಟುತ್ತವೆ
ನೀರನ್ನು ಬಿಟ್ಟು, ಏಳುಬೀಳಿನ ಸುದ್ದಿಯನ್ನಷ್ಟೇ ಹೊತ್ತು.

ಎದುರಿನ ದೋಣಿ ಭಾವ ಹಮ್ಮಬ್ಬನದು.
ಒಂದು ಬಲೆಯ ವಿಷಯಕ್ಕೆ ಒಂಬತ್ತು ವರ್ಷದಿಂದ ಮಾತಿಲ್ಲ.
ಇಬ್ಬರೂ ಬೇರೆ ಬೇರೆ ದಡ ನೋಡುತ್ತಾರೆ.
ಹಿಂದೆ ಬಿಟ್ಟ ಅಲೆಗಳು ನಡುವೆ ಸಿಕ್ಕಿ
ಒಂದು ಕ್ಷಣ ಚೌಕಚೌಕ ಕಣ್ಣು,
ಆಮೇಲೆ ಒಂದರೊಳಗಿಂದೊಂದು ಹಾದು
ಎತ್ತರ ಕಳೆಯದೆ, ಲೆಕ್ಕ ತಪ್ಪದೆ,
ಇವನದು ಅವನಾಚೆ, ಅವನದು ಇವನಾಚೆ.

ಕ್ಲಾಸಿನಲ್ಲಿ ಸ್ಪ್ರಿಂಗಿನ ಇನ್ನೊಂದು ತುದಿ
ಹಮ್ಮಬ್ಬನ ಮಗಳು ರಮ್ಲತಳ ಕೈಯಲ್ಲಿ.
ನಾನು ಮೇಲಕ್ಕೊಂದು ಗೂನು ಕಳಿಸಿದೆ, ಅವಳು ಕೆಳಕ್ಕೊಂದು.
ನಟ್ಟನಡುವೆ ಸಪಾಟು.
"ಎಲ್ಲಿ ಹೋಯಿತು ಟೀಚರ್?"
ಎಲ್ಲೂ ಹೋಗಿಲ್ಲ. ಆ ಗಳಿಗೆಯಲ್ಲಿ ಸುರುಳಿ ಓಡುತ್ತಲೇ ಇರುತ್ತದೆ,
ಕಣ್ಣಿಗೆ ಮಾತ್ರ ನೇರ ಎಂದು
ಬೋರ್ಡಿನ ಕಡೆ ತಿರುಗಿದೆ.

"ಮಾಮನ ದೋಣಿ ಬಂತು" ಅಂದಳು ರಮ್ಲತ್,
ಕಿಟಕಿ ನೋಡದೆ,
ದಡಕ್ಕೆ ಬಡಿಯುವ ಸದ್ದು ಎಣಿಸಿ.