ಕರಾರಿನಲ್ಲಿ ಇಲ್ಲದ್ದು

ನೋಟರಿ ಹದಿನಾಲ್ಕು ಪುಟ ಗಟ್ಟಿಯಾಗಿ ಓದಿದಳು,
ಓದಲೇಬೇಕಂತೆ, ಒಂದಕ್ಷರವೂ ಬಿಡದೆ:
ಬಾವಿ, ಚಿಮಣಿ, ಸೌದೆಮನೆ,
ಬೇಲಿ ದಾಟುವ ಕರೆಂಟು ತಂತಿಯ ಹಕ್ಕು.
ಜೇನಿನ ಮಾತು ಎಲ್ಲೂ ಬರಲಿಲ್ಲ.

ಮೂವತ್ತು ವರ್ಷದ ಸಾಲ. ತೀರುವಾಗ ನನಗೆ ಎಪ್ಪತ್ತೊಂದು.
ವಿಲ್ಯಾಂದಿಯಿಂದ ತಾರ್ತುವಿಗೆ ದಿನಕ್ಕೆರಡು ಸಲ ಬಸ್ಸು ಓಡಿಸುವವಳು ನಾನು,
ಎಷ್ಟು ಸಲ ಹೋಗಿಬಂದರೆ ಒಂದು ಹೊಸ್ತಿಲು?
ಲೆಕ್ಕ ಅರ್ಧಕ್ಕೇ ಬಿಟ್ಟೆ.

ಆಗಸ್ಟಿನಲ್ಲಿ ಮನೆ ನೋಡಬೇಡ ಅಂದಿದ್ದಳು ಡಿಪೋದ ಮಾಯ್ಮು,
ಆಗ ಎಲ್ಲ ಮನೆಯೂ ಮದುವಣಗಿತ್ತಿಯೇ;
ಫೆಬ್ರವರಿಯಲ್ಲಿ ಹೋಗು, ಹಲ್ಲು ಕಾಣುತ್ತದೆ.
ಹೋದೆ ಆಗಸ್ಟಿನಲ್ಲೇ.
ನೆಲದ ಹಲಗೆಯ ಮೇಲೆ ಬಿಸಿಲು ಮಲಗಿತ್ತು
ಬೆಕ್ಕಿಗೂ ಜಾಗ ಬಿಡದೆ.
ಮಿರ್ಟೆಲ್ ಆಗಲೇ ಹಣ್ಣಿನ ಪೊದೆಯೊಳಗೆ, ಬಾಯೆಲ್ಲ ಕಪ್ಪು.
ಕಿಟಕಿಯ ಕೆಳಗಿನ ಮರ ಒತ್ತಿ ನೋಡಿದೆ,
ಬೆರಳು ಒಳಗೆ ಹೋಯಿತು.
ಬೆರಳನ್ನು ಜೇಬಿಗೆ ಹಾಕಿಕೊಂಡೆ,
ಯಾರಿಗೂ ಹೇಳಲಿಲ್ಲ.

ಹೆಯ್ನೊ ಮಾತ್ರ ಬೇಲಿ ದಾಟಲಿಲ್ಲ.
ತನ್ನದೇ ಮನೆ, ಇನ್ನೂ ಒಂಬತ್ತು ದಿನ ತನ್ನದೇ.
ರಸ್ತೆಯಲ್ಲೇ ನಿಂತು ಕೋಲು ಚಾಚಿ ತೋರಿಸಿದ
ಸೇಬಿನ ಮರದಡಿ ಆರು ಪೆಟ್ಟಿಗೆ.
ಇಪ್ಪತ್ತೆರಡು ವರ್ಷ ಸಾಕಿದ್ದು. ಜೂನಿನಲ್ಲಿ ಒಂದು ಕುಟುಕಿತು,
ಕತ್ತು ಊದಿ, ಆಂಬುಲೆನ್ಸಿನಲ್ಲಿ ಉಸಿರು ಎಣಿಸಿದ.
ಇನ್ನೊಂದಾದರೆ ನೀನಿಲ್ಲ ಅಂದರಂತೆ ಡಾಕ್ಟರು.
ಸಿಟ್ಟಿರಲಿಲ್ಲ ದನಿಯಲ್ಲಿ;
ಅನ್ನದಲ್ಲಿ ಕಲ್ಲು ಕಡಿದವನ ಮುಖ.

ಈಗ ಸಾಗಿಸುವ ಹಾಗಿಲ್ಲ, ಹಾರುತ್ತಿವೆ.
ಚಳಿ ಬಿದ್ದ ಮೇಲೆ ಪೈದೆಯಿಂದ ಒಬ್ಬ ಬಂದು ಒಯ್ಯುತ್ತಾನೆ.
ಅಲ್ಲಿವರೆಗೆ ಸಕ್ಕರೆ ಪಾಕ, ಅಂದ,
ವಾರಕ್ಕೊಮ್ಮೆ, ನಿನಗೆ ತೊಂದರೆಯಿಲ್ಲದಿದ್ದರೆ.

ಬೀಗದ ಕೈ ಸಿಕ್ಕ ಸಂಜೆ
ಅವನ ಅಂಗಿ ತೊಟ್ಟೆ, ತೋಳು ಎರಡು ಮಡಿಕೆ ಹೆಚ್ಚು.
ಮುಸುಕಿನೊಳಗೆ ಅವನ ಬೆವರು, ಹಳೇ ಹೊಗೆ.
ಒಂದು ಜೇನು ಕಣ್ಣಿನೆದುರೇ ಬಲೆಯ ಮೇಲೆ ನಡೆಯಿತು,
ನಾನು ಯಾರೆಂದು ಅದಕ್ಕೆ ಗುಮಾನಿ ಇದ್ದಂತಿರಲಿಲ್ಲ.
ನಿಧಾನ, ಕೂಗಿದ ರಸ್ತೆಯಿಂದ, ಇನ್ನೂ ನಿಧಾನ,
ಹಿಮಗಟ್ಟಿದ ದಾರಿಯಲ್ಲಿ ಬಸ್ಸು ಹೊರಳಿಸುತ್ತೀಯಲ್ಲ, ಹಾಗೆ.
ಅದು ನನಗೆ ಗೊತ್ತಿತ್ತು.

ಮುಚ್ಚಳ ಎತ್ತುತ್ತ ಅತ್ತ ನೋಡಿದರೆ
ಅವನ ಕೈಗಳೂ ಎತ್ತುತ್ತಿವೆ,
ಬರೀ ಗಾಳಿಯನ್ನು, ಎರಡೂ ಕೈಯಿಂದ,
ಭಾರವಿದ್ದ ಹಾಗೆ.

ಆಮೇಲೆ, ಸ್ವಲ್ಪ ಹೊತ್ತಾದ ಮೇಲೆ,
ಕಿಟಕಿ ಕೆಳಗಿನ ಮರ ಲಡ್ಡಾಗಿದೆ, ಅಂದ,
ಮೊದಲೇ ಹೇಳಬೇಕಿತ್ತು.
ಗೊತ್ತು, ಅಂದೆ,
ಪಾಕ ಸುರಿಯುತ್ತಲೇ.